ಗೋಡೆಗೆ ಮುಖ ಮಾಡಿದ ಕೃಷ್ಣರು

ಸಾಗರದ ಗುಡಿಗಾರರ ಕೇರಿಯಲ್ಲಿ ಜಟ್ಟಿಂಗಪ್ಪನವರ ಮನೆಗೆ ಹೊಸಬರು ಯಾರೇ ಬಂದರೂ ಮೊದಲು ಕಾಣುವುದು ಬೆನ್ನುಗಳು. ಕೆತ್ತಿದ ಮರದ ಮೂರ್ತಿಗಳೆಲ್ಲ, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಮಕ್ಕಳ ಹಾಗೆ, ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿರುತ್ತವೆ. ಕಣ್ಣು ತೆರೆಯುವ ತನಕ ಮೂರ್ತಿ ಜನರ ಮುಖ ನೋಡಬಾರದು ಎಂಬುದು ಆ ಮನೆಯ ಕಟ್ಟಳೆ. ಕಣ್ಣು ತೆರೆಯುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಅದನ್ನು ಮನೆಯ ಹಿರಿಯನೇ ಮಾಡಬೇಕು. ಬೆಳಿಗ್ಗೆ ಮಿಂದು, ಖಾಲಿ ಹೊಟ್ಟೆಯಲ್ಲಿ, ಯಾರೊಡನೆಯೂ ಮಾತಾಡದೆ ಮಾಡಬೇಕು. ಮಗ ಗಣೇಶನಿಗೂ ಪ್ರಾಯ ನಲವತ್ತರ ಹತ್ತಿರ ಬಂತು, ಕೈಯೂ ಪಳಗಿದೆ. ಆದರೆ ಅಪ್ಪ ಇರುವಾಗ ಅವನು ಒಂದು ಮೂರ್ತಿಯ ಕಣ್ಣಿಗೂ ಉಳಿ ತಾಗಿಸಿದವನಲ್ಲ.

ಸೊಸೆ ಕುಮುದಾ ಆ ಮನೆಗೆ ಬಂದ ಮೇಲೆ ಬೆಂಗಳೂರಿನ ದಲ್ಲಾಳಿಯ ಕಾಟ ತಪ್ಪಿತು. ಫೋಟೋ ತೆಗೆದಳು, ಇಂಗ್ಲಿಷಿನಲ್ಲಿ ಮೇಲ್ ಬರೆದಳು, ಉತ್ತರ ಬಾರದಿದ್ದರೆ ಮತ್ತೆ ಬರೆದಳು. ಮೂರು ವರ್ಷ ಹೀಗೆ ಕದ ತಟ್ಟಿದ ಮೇಲೆ ಹಾಲೆಂಡಿನ ಒಂದು ಕಂಪನಿಯಿಂದ ಆರ್ಡರ್ ಬಂತು. ಗೇಣುದ್ದದ, ಕೊಳಲೂದುವ ಕೃಷ್ಣ, ಶಿವನಿ ಮರದ್ದು, ಮುನ್ನೂರು. ಫೆಬ್ರವರಿ ಕೊನೆಯೊಳಗೆ ಮಂಗಳೂರು ಬಂದರು ಮುಟ್ಟಬೇಕು. ಮೊಬೈಲ್ ಅಂಗಡಿ, ಹೋಟೆಲು ಅಂತ ಉಳಿ ಬಿಟ್ಟು ಹೋಗಿದ್ದ ಕೇರಿಯ ಅರ್ಧ ಗಂಡಸರು ಮತ್ತೆ ಬಂದು ಕೂತರು. ಈ ಆರ್ಡರ್ ತಪ್ಪಿದರೆ ಅವರು ಇನ್ನೊಮ್ಮೆ ಬರುವವರಲ್ಲ ಎಂದು ಕುಮುದಾಗೆ ಖಚಿತವಿತ್ತು.

ಅವಳಿಗೆ ಭಯವಾಯಿತು. ತನಗೆ ಗೊತ್ತಿರುವುದು ಮೇಲ್ ಬರೆಯುವುದು ಮಾತ್ರ. ಹಾಗಾಗಿ ತೀರ್ಥಹಳ್ಳಿಯಲ್ಲಿ ಅಶ್ವಿನ್ ಎಂಬವರು ನಡೆಸುತ್ತಿದ್ದ ಭಾನುವಾರದ ತರಗತಿಗೆ ಸೇರಿದಳು. ಅವರು ದುಬೈ, ಸಿಂಗಾಪುರಗಳಲ್ಲಿ ದೊಡ್ಡ ದೊಡ್ಡ ಯೋಜನೆ ನಡೆಸಿ ಊರಿಗೆ ಮರಳಿದವರು. ತರಗತಿಯ ಹೆಸರೇ ಬಸ್ಸಿನ ಬೋರ್ಡಿನಲ್ಲಿ ಹಿಡಿಯುವಂಥದ್ದಲ್ಲ: ಅಂತಾರಾಷ್ಟ್ರೀಯ ವ್ಯವಹಾರಕ್ಕಾಗಿ ಸ್ಟ್ರಾಟೆಜಿಕ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ಕುಮುದಾ ಬೆಳಗಿನ ಬಸ್ಸು ಹಿಡಿದು, ಹೊಸನಗರದಲ್ಲಿ ಚಾ ಕುಡಿದು, ತೀರ್ಥಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಹಿಂದಿನ ವಾರದ ಪಾಠ ಬಾಯಿಪಾಠ ಮಾಡಿರುತ್ತಿದ್ದಳು.

ಮೊದಲ ಪಾಠ, ಗಿರಾಕಿಗೆ ನಿಜವಾಗಿ ಏನು ಬೇಕು ಎಂದು ಕೇಳಿ ತಿಳಿಯುವುದು. ಆರ್ಡರಿನಲ್ಲಿ ಎಲ್ಲ ಬರೆದೇ ಇದೆಯಲ್ಲ ಎಂದು ಅವಳು ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಅವಳ ಮನಸ್ಸು ಕಚ್ಚಿಕೊಂಡದ್ದು ಕ್ರಿಟಿಕಲ್ ಪಾತ್ ಎಂಬುದನ್ನು. ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಯೋಜನೆ ಒಂದು ದಿನ ತಡವಾಗುತ್ತದೋ ಆ ಕೆಲಸಗಳ ಸಾಲು ಅದು. ಅದರ ಹೊರಗಿನ ಕೆಲಸಕ್ಕೆ ಫ್ಲೋಟ್ ಇರುತ್ತದೆ, ಎಂದರೆ ಮುಂದೂಡಿದರೂ ಯಾವುದಕ್ಕೂ ತಾಗುವುದಿಲ್ಲ. ಅವಳು ಮನೆಯ ಕೆಲಸವನ್ನೆಲ್ಲ ಹೀಗೆ ಒಂದು ಚಾರ್ಟಿನಲ್ಲಿ, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದು ಜೋಡಿಸಿ ನೋಡಿದಳು. ಮರ ಒಣಗಿಸುವುದು, ಒರಟು ಕೆತ್ತನೆ, ನಯ, ಪಾಲಿಶು ಎಲ್ಲಕ್ಕೂ ಹತ್ತು ಕೈ ಇದ್ದವು. ಬಾಣಗಳೆಲ್ಲ ಬಂದು ಕೂಡುವ ಒಂದು ಜಾಗದಲ್ಲಿ ಮಾತ್ರ ಒಬ್ಬರೇ ಇದ್ದರು: ಮಾವ, ಕಣ್ಣು ತೆರೆಯುವುದು.

ಮಾವನ ಎಡಗಣ್ಣು ಹೋಗಿ ವರ್ಷಗಳಾಗಿದ್ದವು. ದೀಪಾವಳಿ ಕಳೆದ ಮೇಲೆ ಶಿವಮೊಗ್ಗದ ಡಾಕ್ಟರು ಬಲಗಣ್ಣಿಗೆ ಬೆಳಕು ಬಿಟ್ಟು ನೋಡಿ, ಇದರೊಳಗೂ ಒತ್ತಡ ಏರುತ್ತಿದೆ ಎಂದಿದ್ದರು.

"ತಡ ಮಾಡ್ಬೇಡಿ. ಆಪರೇಷನ್ ಮಾಡಿದ್ರೆ ಇರೋ ದೃಷ್ಟಿ ಉಳೀತದೆ. ಹೋದದ್ದು ಮಾತ್ರ ವಾಪಸ್ ಬರಲ್ಲ. ಆಮೇಲೆ ಎರಡು ತಿಂಗಳು ಬಗ್ಗಿ ಕೆಲಸ ಮಾಡೋ ಹಾಗಿಲ್ಲ."

ಎರಡು ತಿಂಗಳು ಎಂದೊಡನೆ ಕುಮುದಾ ಬೆರಳು ಮಡಚಿ ದಿನ ಎಣಿಸಿದಳು. ಕಣ್ಣಿಗಾಗಿ ಅಲ್ಲ, ಫೆಬ್ರವರಿಗಾಗಿ. ಅದು ಅವಳಿಗೇ ತಿಳಿದು, ಬಸ್ಸಿನಲ್ಲಿ ಮಾವನ ಮುಖ ನೋಡದೆ ಕೂತಳು.

ಮನೆಯಲ್ಲಿ ಮಾತು ಬಂದಾಗ ಜಟ್ಟಿಂಗಪ್ಪ ನಕ್ಕುಬಿಟ್ಟರು. "ಕಣ್ಣು ಎಲ್ಲಿಗ್ ಹೋಗ್ತದೆ ಮಾರಾಯ್ತಿ, ಇಲ್ಲೇ ಇರ್ತದೆ. ಹಾಲೆಂಡಿನವ್ರು ಇರ್ತಾರಾ?"

"ಅಪ್ಪಯ್ಯ, ಹಂಗಾರೆ ಅರ್ಧ ನಾ ತೆರೀತೀನಿ," ಎಂದ ಗಣೇಶ.

"ನಾ ಹೋದ್ಮೇಲೆ ಪೂರ್ತಿ ನೀನೇ ತೆರಿ. ಅಲ್ಲೀವರೆಗೆ ಸುಮ್ನಿರು."

ಗಣೇಶ ಹೆಂಡತಿಯ ಕಡೆ ನೋಡಿದ. ಮಾವನ ಹತ್ತಿರ ಹಟ ಹಿಡಿದು ಒಪ್ಪಿಸುವ ಸಲಿಗೆ ಆ ಮನೆಯಲ್ಲಿ ಇದ್ದದ್ದು ಅವಳಿಗೊಬ್ಬಳಿಗೇ. ಆದರೆ ಅಪ್ಪ ಮಗನ ನಡುವೆ ಜಗಳ ಹತ್ತಿದರೆ ಕೆಲಸ ವಾರಗಟ್ಟಲೆ ನಿಲ್ಲುತ್ತದೆ ಎಂದು ಅವಳು ಬಾಯಿ ಬಿಡಲಿಲ್ಲ.

ಮುಂದಿನ ಭಾನುವಾರ ಅವಳ ಚಾರ್ಟನ್ನು ಅಶ್ವಿನ್ ಸರ್ ಪರದೆಯ ಮೇಲೆ ಹಾಕಿದರು. ಕೆಳಗಡೆ ಒಂದು ಸಾಲು ಒಂಟಿಯಾಗಿತ್ತು: ಮಾವನ ಆಸ್ಪತ್ರೆ.

"ಇದೇನು ಕುಮುದಾ ಅವರೇ? ಬೇರೆ ಯಾವುದಾದ್ರೂ ಕೆಲಸಕ್ಕೆ ಇದರ ಸಂಬಂಧ ಇದ್ಯಾ?"

ಸಂಬಂಧ ಇತ್ತು. ಆ ಸಾಲಿನಿಂದ ಒಂದು ಬಾಣ ಎಳೆದಿದ್ದರೆ ಅದು ಮುನ್ನೂರು ಕೃಷ್ಣರಿಗೂ ತಾಗುತ್ತಿತ್ತು. ಆಗ ಅದನ್ನು ಎಲ್ಲಕ್ಕಿಂತ ಮೊದಲು ಇಡಬೇಕಾಗುತ್ತಿತ್ತು.

"ಇಲ್ಲ ಸರ್, ಅದು ಮನೆ ವಿಷಯ."

"ಹಾಗಿದ್ರೆ ಫ್ಲೋಟ್ ಇದೆ. ಸಾಗಣೆ ಆದ ಮೇಲಕ್ಕೆ ದೂಡಿ."

ಅವರು ಬೆರಳಿನಿಂದ ಆ ಸಾಲನ್ನು ಮಾರ್ಚಿಗೆ ಸರಿಸಿದರು. ಚಾರ್ಟು ಚೊಕ್ಕವಾಯಿತು. ತರಗತಿಯವರು ಚಪ್ಪಾಳೆ ತಟ್ಟಿದರು. ಪಾಪ, ಅಶ್ವಿನ್ ಸರ್ ಅವರನ್ನು ದೂರುವ ಹಾಗಿಲ್ಲ. ಕೇಳಿದ ಪ್ರಶ್ನೆ ಸರಿಯಾಗಿತ್ತು, ಸಿಕ್ಕಿದ ಉತ್ತರ ಸುಳ್ಳಾಗಿತ್ತು.

ಚಳಿಗಾಲ ಪೂರ್ತಿ ಜಟ್ಟಿಂಗಪ್ಪ ನಸುಕಿಗೇ ಎದ್ದು, ಮಿಂದು, ದೀಪದ ಕೆಳಗೆ ಬಗ್ಗಿ ಕೂತರು. ಗೋಡೆ ಕಡೆಯಿಂದ ಒಂದೊಂದೇ ಕೃಷ್ಣನನ್ನು ತಿರುಗಿಸಿ, ತೊಡೆಯ ಮೇಲೆ ಮಲಗಿಸಿಕೊಂಡು, ಸೂಜಿಯಷ್ಟು ಸಣ್ಣ ಉಳಿಯಿಂದ ರೆಪ್ಪೆಯ ಗೆರೆ ಬಿಡಿಸಿ ಪಾಪೆ ಮೂಡಿಸುತ್ತಿದ್ದರು. ಸಂಕ್ರಾಂತಿ ಕಳೆಯುವಾಗ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯತೊಡಗಿದರು. ಕುಮುದಾ ದಿನಾ ಲ್ಯಾಪ್‌ಟಾಪಿನಲ್ಲಿ ಮುಗಿದದ್ದಕ್ಕೆ ಹಸಿರು ಬಣ್ಣ ತುಂಬುತ್ತಿದ್ದಳು. ಹಸಿರು ಹೆಚ್ಚಾದಷ್ಟೂ ಅವಳಿಗೆ ಮಾವ ಮತ್ತೆ ಮತ್ತೆ ಕಣ್ಣು ಉಜ್ಜಿಕೊಳ್ಳುವುದು ಕಾಣದೆ ಹೋಯಿತು. ಕಂಡರೂ ನೋಡಲಿಲ್ಲ ಎನ್ನುವುದೇ ಸರಿ.

ಲಾರಿ ಬರುವ ದಿನ ಗಣೇಶ ಅದನ್ನು ತರಲು ಬೆಳಿಗ್ಗೆಯೇ ಹೊಸನಗರಕ್ಕೆ ಹೋಗಿದ್ದ. ಕೊನೆಯ ಒಂದು ಪೆಟ್ಟಿಗೆಯಷ್ಟು ಕೃಷ್ಣರು ಬಾಕಿ. ಒಳಗಿನಿಂದ ಉಳಿ ಬಿದ್ದ ಸದ್ದು ಕೇಳಿ ಕುಮುದಾ ಓಡಿದಳು. ಜಟ್ಟಿಂಗಪ್ಪ ಹಣೆ ಒತ್ತಿ ಹಿಡಿದು ಕೂತಿದ್ದರು. ಬಲಗಣ್ಣು ಕೆಂಡವಾಗಿತ್ತು. ಪಕ್ಕದಲ್ಲಿ ವಾಂತಿ ಮಾಡಿಕೊಂಡಿದ್ದರು.

"ದೀಪದ ಸುತ್ತ ಬಣ್ಣ ಬಣ್ಣದ ಬಳೆ ಕಾಣ್ತದೆ ಕುಮುದಾ. ತಲೆ ಒಡ್ದು ಹೋಗ್ತದೆ."

ಉಳಿ ಹಿಡಿದು ಕೂತ ಹೊತ್ತಿನಲ್ಲಿ ಮಾವ ಬಾಯಿ ಬಿಟ್ಟದ್ದನ್ನು ಅವಳು ಅದೇ ಮೊದಲು ಕೇಳಿದ್ದು.

ಬೀದಿಯ ತಿರುವಿನಲ್ಲಿ ಟ್ಯಾಕ್ಸಿ ಸಿಗುತ್ತಿತ್ತು. ಆದರೆ ಲಾರಿ ಬಂದಾಗ ಕಾಗದಕ್ಕೆ ಸಹಿ ಹಾಕುವವಳು ಅವಳು, ಎಣಿಸಿ ಕೊಡುವವಳು ಅವಳು. ಸಂಜೆಯೊಳಗೆ ಬಂದರು ಮುಟ್ಟದಿದ್ದರೆ ಹಡಗು ತಪ್ಪುತ್ತದೆ. ಅವಳು ತಲೆನೋವಿನ ಮಾತ್ರೆ ಕೊಟ್ಟು, ಒದ್ದೆ ಬಟ್ಟೆ ಹಾಕಿ ಮಲಗಿಸಿದಳು.

"ಲಾರಿ ಹೋದ ಕೂಡ್ಲೆ ಹೊರಡೋಣ ಮಾವ. ಸ್ವಲ್ಪ ತಡ್ಕೊಳಿ."

"ನಂಗೆಂತ, ತಡ್ಕೊಳ್ತೆ," ಎಂದರು ಅವರು ಹಲ್ಲು ಕಚ್ಚಿಕೊಂಡು. "ಉಳಿದವ್ರ ಕಣ್ಣು?"

ಅವಳು ಗಣೇಶನಿಗೆ ಫೋನ್ ಮಾಡಲಿಲ್ಲ. ಮಾಡಿದ್ದರೆ ಅವನು ಲಾರಿಯನ್ನು ಅಲ್ಲೇ ಬಿಟ್ಟು ಓಡಿ ಬರುತ್ತಿದ್ದ. ಅದು ಗೊತ್ತಿದ್ದೇ ಮಾಡಲಿಲ್ಲ. ರೆಪ್ಪೆ ಮುಚ್ಚಿದ ಕೃಷ್ಣರನ್ನು ಗೋಡೆ ಬದಿಯಿಂದಲೇ ಎತ್ತಿ, ಮುಖ ಮೇಲಾಗದ ಹಾಗೆ ಹುಲ್ಲಿನಲ್ಲಿ ಇಟ್ಟು, ಪೆಟ್ಟಿಗೆಗೆ ಮೊಳೆ ಹೊಡೆದಳು.

ಲಾರಿ ತುಂಬಿಸಿ ಕಳಿಸಿ ಶಿವಮೊಗ್ಗ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಡಾಕ್ಟರು ಬಹಳ ಹೊತ್ತು ನೋಡಿದರು. ಆಪರೇಷನ್ನೂ ಆಯಿತು. ನೋವು ನಿಂತಿತು, ಬೆಳಕು ಬರಲಿಲ್ಲ. ಗಣೇಶ ಅಂದಿನಿಂದ ಹೆಂಡತಿಯೊಡನೆ ಅಗತ್ಯವಿದ್ದಷ್ಟೇ ಮಾತಾಡಿದ.

ಮಾರ್ಚಿನ ಕೊನೆಯ ತರಗತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಯೋಜನೆಯಿಂದ ಕಲಿತದ್ದು ಹೇಳಬೇಕಿತ್ತು. ಸಮಯಕ್ಕೆ ಸಾಗಣೆಯಾಯಿತು, ಒಂದೂ ಒಡೆಯಲಿಲ್ಲ ಎಂದಳು ಕುಮುದಾ. ಅಶ್ವಿನ್ ಸರ್ ಸರ್ಟಿಫಿಕೇಟು ಕೊಟ್ಟು, "ಮಾವ ಹೇಗಿದ್ದಾರೆ? ಆಸ್ಪತ್ರೆ ಕೆಲಸ ಆಯ್ತಾ?" ಎಂದು ನೆನಪಿಟ್ಟು ಕೇಳಿದರು. ಆಯಿತು ಎಂದಳು. ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಹೊಸನಗರದ ತನಕ ಅತ್ತಳು. ಚಾ ಕುಡಿಯಲು ಇಳಿಯಲಿಲ್ಲ.

ಯುಗಾದಿ ಕಳೆದ ಮೇಲೆ ಹಾಲೆಂಡಿನಿಂದ ಮೇಲ್ ಬಂತು. ಓದಿದ ಕುಮುದಾ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ಹಿಂದೆ ನಿಂತಿದ್ದ ಗಣೇಶ ಅದನ್ನು ಮತ್ತೆ ತೆರೆದ.

"ಓದು. ಅಪ್ಪಯ್ಯನಿಗೆ ಕೇಳೋ ಹಂಗೆ ಓದು."

ಅವಳು ಒಂದೊಂದೇ ವಾಕ್ಯ ಕನ್ನಡ ಮಾಡಿ ಹೇಳಿದಳು. ಕೆಲಸ ಬಹಳ ಚೆನ್ನಾಗಿದೆ. ಒಂದು ಪೆಟ್ಟಿಗೆಯಲ್ಲಿ ಕಣ್ಣು ಮುಚ್ಚಿದ ಮೂರ್ತಿಗಳಿದ್ದವು. ಅವು ಎಲ್ಲಕ್ಕಿಂತ ಬೇಗ ಖಾಲಿಯಾದವು. ಕಣ್ಣು ಮುಚ್ಚಿ ಕೊಳಲೂದುವುದನ್ನು ನೋಡಿದರೆ ಮನಸ್ಸಿಗೆ ಶಾಂತಿ ಎನ್ನುತ್ತಾರೆ ಗಿರಾಕಿಗಳು. ಇನ್ನೂ ಆರುನೂರು ಬೇಕು, ಅವೆಲ್ಲವೂ ಹಾಗೆಯೇ ಇರಲಿ.

ಜಟ್ಟಿಂಗಪ್ಪ ದನಿ ಬಂದ ಕಡೆ ಮುಖ ಮಾಡಿ ಕೂತಿದ್ದರು.

"ಮುಚ್ಚಿದ್ದೇ ಚಂದ ಕಾಣ್ತದಂತಾ?"

"ಹೌದು ಮಾವ."

"ಮೊದ್ಲೇ ಕೇಳಿದ್ರೆ ಹೇಳ್ತಿದ್ರೇನೋ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಹೇಗೋ ತಾಳಿಕೊಳ್ಳುತ್ತಿದ್ದಳು. ಗಣೇಶ ಎದ್ದು ಅಂಗಳಕ್ಕೆ ಹೋದ.

"ಒಪ್ಕೊ ಕುಮುದಾ. ಮುಚ್ಚಿದ ಕಣ್ಣಿಗೆ ನನ್ನ ಕಣ್ಣು ಬೇಡ, ಬೆರಳು ಸಾಕು. ಒಂದು ಮರ ತಾ."

ಅವಳು ತಂದುಕೊಟ್ಟಳು. ಮರುದಿನ ನಸುಕಿನಲ್ಲಿ ಅವರು ಎಂದಿನಂತೆ ಮಿಂದು, ಏನೂ ತಿನ್ನದೆ ಕೂತರು. ದೀಪ ಹಚ್ಚಲು ಹೋದ ಕುಮುದಾ ನೆನಪಾಗಿ ಕೈ ಹಿಂದಕ್ಕೆ ತೆಗೆದಳು. ಅವರ ಹೆಬ್ಬೆರಳು ಮರದ ಮೇಲೆ ಹಣೆ ಹುಡುಕಿತು, ಹುಬ್ಬು ಹುಡುಕಿತು, ರೆಪ್ಪೆಯ ಉಬ್ಬಿನ ಮೇಲೆ ನಿಂತಿತು. ಮೊದಲಿನ ಕೆಲಸಕ್ಕೆ ಸಮ ಬರಲಿಲ್ಲ, ಆದರೂ ಮುಖ ಮುಖದಂತೆಯೇ ಬಂತು. ನಾಲ್ಕನೆಯ ದಿನ ಅದು ಮುಗಿದಾಗ ಅವರು ತಡವಿಕೊಂಡು ಎದ್ದು, ಗೋಡೆ ಮುಟ್ಟಿ ನೋಡಿ, ಕೃಷ್ಣನನ್ನು ಅದರ ಕಡೆಗೆ ಮುಖ ಮಾಡಿ ನಿಲ್ಲಿಸಿದರು.

ಕುಮುದಾ ಹೊಸ ಚಾರ್ಟಿನಲ್ಲಿ ಅವರ ಹೆಸರಿನ ಮುಂದೆ ಹಸಿರು ತುಂಬುತ್ತಿದ್ದಳು.

"ಅಲ್ಲಾ ಕುಮುದಾ," ಎಂದರು ಜಟ್ಟಿಂಗಪ್ಪ, ಕೈ ಇನ್ನೂ ಮೂರ್ತಿಯ ಬೆನ್ನಿನ ಮೇಲೇ ಇತ್ತು. "ಕಣ್ಣು ತೆರೆಯೋದೇ ಇಲ್ಲ ಅಂದ್ರೆ, ಇವನ್ನ ತಿರುಗ್ಸೋದು ಯಾವತ್ತು?"

ಅವಳ ಚಾರ್ಟಿನಲ್ಲಿ ಅದಕ್ಕೆ ದಿನ ಇರಲಿಲ್ಲ.