ಶಾಫ್ಟ್ ಇಲ್ಲದ ಲಾರಿ

ಕಲ್ಲುಗಣಿಯ ಇಳಿಜಾರಿನಲ್ಲಿ ತುಂಬಿದ ಲಾರಿಯ ಶಾಫ್ಟ್ ಮುರಿಯಿತು. ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಕಂಬಿ ಅದು. ಇಂಜಿನ್ನಿನ ಹಿಡಿತ ತಪ್ಪಿತು, ಬ್ರೇಕು ಕಾದು ಹೊಗೆಯೆದ್ದಿತು. ಮಣ್ಣಿನ ದಿಬ್ಬಕ್ಕೆ ಗುದ್ದಿಸಿ ಚಾಲಕ ಹೇಗೋ ಬದುಕಿಕೊಂಡ.

ತಿಂಗಳಾದ ಮೇಲೆ ಗಣಿಯವರು ವಿದ್ಯುತ್ ಲಾರಿ ತರಿಸಿದರು. "ಓಡಿಸ್ತೀಯೋ ಇಲ್ವೋ, ಇವತ್ತೇ ಹೇಳು" ಎಂದರು. ಚಾಲಕ ಹೆಂಡತಿಯನ್ನೂ ಕರೆದುಕೊಂಡು ಗಣಿಯ ಗ್ಯಾರೇಜಿಗೆ ಹೋದ. ಅಲ್ಲಿ ಮೆಕ್ಯಾನಿಕ್ ಆಗಿದ್ದವಳು ಅವಳ ತಂಗಿಯೇ.

ಅವನು ಸೀದಾ ಲಾರಿಯ ಅಡಿಗೆ ನುಸುಳಿದ. ಅಲ್ಲಿಂದಲೇ ನಾದಿನಿಯನ್ನು ಕೂಗಿದ.

"ಏನಮ್ಮ, ಶಾಫ್ಟ್ ಹಾಕೋದೇ ಮರ್ತಿದ್ದೀರಲ್ಲ?"

"ಅದು ಬೇಕಾಗಿಲ್ಲ ಭಾವ. ಹಿಂದಿನ ಚಕ್ರಗಳ ನಡುವಿನ ಆಕ್ಸಲ್ ನೋಡಿ. ಮೋಟಾರು, ಗೇರು ಎಲ್ಲಾ ಅದಕ್ಕೇ ಸೇರ್ಕೊಂಡಿವೆ. ಇ-ಆಕ್ಸಲ್ ಅಂತಾರೆ."

"ಅದರಿಂದೇನು ಲಾಭ?"

"ಶಕ್ತಿ ಶಾಫ್ಟು, ಜಾಯಿಂಟು ಅಂತ ದಾಟ್ಕೊಂಡು ಬರೋವಾಗ ಒಂದಿಷ್ಟು ದಾರೀಲೇ ಹಾಳಾಗುತ್ತೆ. ಇಲ್ಲಿ ಚಕ್ರದ ಪಕ್ಕದಲ್ಲೇ ಹುಟ್ಟುತ್ತೆ. ಇದ್ದ ಚಾರ್ಜಲ್ಲೇ ಇನ್ನಷ್ಟು ದೂರ ಹೋಗ್ಬಹುದು. ಶಾಫ್ಟ್ ಇರ್ತಿದ್ದ ಜಾಗದಲ್ಲಿ ಬ್ಯಾಟರಿ ಕೂರುತ್ತೆ."

"ಅದೆಲ್ಲಾ ಸರಿ ಕಣೇ" ಎಂದಳು ಅಕ್ಕ. "ಇಳಿಜಾರಲ್ಲಿ ಇದನ್ನ ಹಿಡಿಯೋರು ಯಾರು?"

"ಲಾರಿ ಹತ್ತು ಅಕ್ಕ, ನೀನೇ ನೋಡುವಂತೆ."

ಮೂವರೂ ಲಾರಿಯಲ್ಲಿ ಮೇಲಿನ ಗಣಿಗೆ ಹೋಗಿ, ಕಲ್ಲು ತುಂಬಿಸಿಕೊಂಡು ಇಳಿಯತೊಡಗಿದರು. ಅಕ್ಕ ಸೀಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಚಾಲಕ ಆಕ್ಸಿಲರೇಟರ್ ಪೆಡಲಿನಿಂದ ಕಾಲೆತ್ತಿದ. ಲಾರಿ ತಾನಾಗಿಯೇ ನಿಧಾನವಾಯಿತು.

"ಬ್ಯಾಟರಿ ಮೀಟರ್ ಕೆಟ್ಟಿದ್ಯಾ? ಚಾರ್ಜು ನೂರಕ್ಕೆ ಅರವತ್ತೊಂದು ಇತ್ತು, ಈಗ ಅರವತ್ಮೂರು ತೋರಿಸ್ತಿದೆ" ಎಂದಳು ಅಕ್ಕ.

"ಕೆಟ್ಟಿಲ್ಲ. ಇಳಿಯೋವಾಗ ಚಕ್ರವೇ ಮೋಟಾರನ್ನ ತಿರುಗಿಸುತ್ತೆ. ಅದು ಕರೆಂಟ್ ಮಾಡಿ ಬ್ಯಾಟರಿಗೆ ತುಂಬುತ್ತೆ. ಹಾಗೆ ಕರೆಂಟ್ ಮಾಡೋವಾಗ ಮೋಟಾರು ಚಕ್ರಾನ ಹಿಂದಕ್ಕೆಳೆಯುತ್ತೆ, ಲಾರೀನ ಹಿಡಿಯೋದೂ ಆ ಎಳೆತವೇ. ಆದ್ರೆ ಭಾವ, ಬ್ಯಾಟರಿ ಪೂರ್ತಿ ತುಂಬಿದ್ರೆ ಕರೆಂಟ್ ಹೋಗೋಕೆ ಜಾಗ ಇರಲ್ಲ, ಆಗ ಆ ಹಿಡಿತ ಕಡಿಮೆ. ಬ್ರೇಕನ್ನ ಮರೀಬೇಡಿ."

ಕೆಳಗೆ ಬಂದು ನಿಂತ ಮೇಲೆ ಚಾಲಕ ಚಕ್ರದ ಬಳಿ ಬಗ್ಗಿ ಮೂಸಿದ. ಸುಟ್ಟ ವಾಸನೆಯಿರಲಿಲ್ಲ. ಹೆಂಡತಿಯೂ ಬಗ್ಗಿ ನೋಡಿದಳು.

"ಓಡಿಸ್ತೀನಿ ಅಂತ ಗಣಿಯವರಿಗೆ ಹೇಳಿ ಬೀಗದಕೈ ಇಸ್ಕೊಳ್ಳಿ. ನಾನೂ ಇನ್ನೊಂದ್ಸಲ ಬರ್ತೀನಿ, ಆ ಅಂಕಿ ಎಷ್ಟು ಏರುತ್ತೋ ನೋಡ್ಬೇಕು" ಎಂದಳು.

ಲಾರಿ, ಬಸ್ಸು ಓಡಿಸುವ ಅಣ್ಣ ಅಕ್ಕಂದಿರೇ, ನಿಮ್ಮಲ್ಲಿಗೆ ವಿದ್ಯುತ್ ಗಾಡಿ ಬಂದರೆ ದೂರದಿಂದಲೇ ಬೇಡ ಅನ್ನಬೇಡಿ. ಗಾಡಿಯ ಅಡಿಗೆ ಬಗ್ಗಿ ನೋಡಿ. ಮೋಟಾರು ಎಲ್ಲಿದೆ, ಇಳಿಯುವಾಗ ಎಷ್ಟು ಚಾರ್ಜ್ ಮರಳುತ್ತದೆ ಎಂದು ಕೇಳಿ. ಭಾರ ಹಾಕಿ ಓಡಿಸಿ ನೋಡಿ. ಆಮೇಲೆ ನಿಮ್ಮ ತೀರ್ಮಾನ ಹೇಳಿ.