ನಲವತ್ತೇಳನೆಯ ತಳಿ

ಅಪ್ಪ ಸತ್ತ ಮೇಲೂ ಆರು ವರ್ಷ ಅವನ ಹೊಟ್ಟೆಯ ರೋಗಾಣುವನ್ನು ನಾನು ಸಾಕಿದೆ. ಅದು ಅವನದೆಂದು ನನಗೆ ಗೊತ್ತಿರಲಿಲ್ಲ.

ನಮ್ಮದು ಬೆಟ್ಟಸೀಮೆಯಲ್ಲಿ, ತೂಕೆರೆಸ್ ಊರಿಗಿಂತ ಮೇಲಿರುವ ಹಳ್ಳಿ. ಚಳಿ, ಆಲೂಗಡ್ಡೆ ಹೊಲ, ಬೆಳಿಗ್ಗೆ ಎದ್ದರೆ ಬಿಸಿ ಬೆಲ್ಲದ ನೀರು. ಹೊಟ್ಟೆಯುರಿಯನ್ನು ನಮ್ಮಲ್ಲಿ ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ. ಅಂದುಕೊಳ್ಳುವ ಹೊತ್ತಿಗೆ ಗಡ್ಡೆ ಬೆಳೆದಿರುತ್ತದೆ. ಅದೇ ರೋಗಾಣು ಕರಾವಳಿಯವರ ಹೊಟ್ಟೆಯಲ್ಲೂ ಇದೆ, ಆದರೆ ಅವರು ಅದರಿಂದ ಸಾಯುವುದು ಅಪರೂಪ. ಇದು ಏಕೆಂದು ಹುಡುಕಲು ಪಾಸ್ತೊ ನಗರದಿಂದ ಡಾಕ್ಟರ್ ಬೆನವಿಡೆಸ್ ಬಂದಾಗ ನನಗೆ ಹದಿನೆಂಟು. ಹಳ್ಳಿಯವರೆಲ್ಲ ಹಿಂದೆ ಸರಿದಾಗ ಅಪ್ಪ, ಸೆರಾಫಿನ್ ಗ್ವಾಂಚಾ, ಮುಂದೆ ಹೋಗಿ ಬಾಯಿ ತೆರೆದು, ಹೊಟ್ಟೆಯೊಳಗನ್ನು ನೋಡಿ ಚೂರು ಕಿತ್ತು ತರುವ ಉದ್ದನೆಯ ಕೊಳವೆಯನ್ನು ನುಂಗಿದ. ಮರುವರ್ಷ ಬೆನವಿಡೆಸ್ ಡಾಕ್ಟರಮ್ಮ ನನ್ನನ್ನು ತಮ್ಮ ಪ್ರಯೋಗಾಲಯಕ್ಕೆ ಸೇರಿಸಿಕೊಂಡರು. ಮೊದಲು ಗಾಜು ತೊಳೆದೆ, ಆಮೇಲೆ ರೋಗಾಣು ಬೆಳೆಸುವುದನ್ನು ಕಲಿತೆ.

ಜಠರದ ಹುಳಿಯಲ್ಲಿ ಸಾಮಾನ್ಯ ರೋಗಾಣುಗಳು ಬದುಕುವುದಿಲ್ಲ. ಇದರ ಬಳಿ ಮಾತ್ರ ಯೂರಿಯೇಸ್ ಎಂಬ ಕಿಣ್ವ ಬೇಕಾದಷ್ಟಿದೆ. ನಮ್ಮ ಮೈಯೊಳಗಿನ ಯೂರಿಯಾವನ್ನು ಅದು ಒಡೆದು ಅಮೋನಿಯಾ ಮಾಡುತ್ತದೆ. ಅಮೋನಿಯಾ ಸುತ್ತಲಿನ ಹುಳಿಯನ್ನು ಮುರಿಯುತ್ತದೆ, ಲೋಳೆಯ ಪದರವನ್ನು ಸಡಿಲಿಸುತ್ತದೆ. ರೋಗಾಣು ಅದರೊಳಗೆ ಈಜಿ ಹೋಗಿ ಜಠರದ ಗೋಡೆಗೆ ಅಂಟಿ ಕೂರುತ್ತದೆ. ಇದನ್ನು ನಾನು ಮನೆಯಲ್ಲಿ ಹೇಳಿದಾಗ ಅಪ್ಪ ಕೇಳಿದ್ದ:

"ಆಲೂಗಡ್ಡೆಗೆ ಹಾಕ್ತೀವಲ್ಲ, ಆ ಯೂರಿಯಾನೇನಮ್ಮಾ?"

"ಅದೇ ಕಣಪ್ಪಾ."

"ಹಂಗಾದ್ರೆ ನನ್ ಹೊಟ್ಟೇಲಿ ಬೆಳೆ ಚೆನ್ನಾಗೇ ಬಂದಿರುತ್ತೆ ಬಿಡು!"

ಅವನು ವರ್ಷಕ್ಕೊಮ್ಮೆ ಪಾಸ್ತೊಗೆ ಬಂದು ಕೊಳವೆ ನುಂಗಿ ಹೋಗುತ್ತಿದ್ದ. ದೊಡ್ಡ ಡಾಕ್ಟರೇ ನೋಡಿಕೊಳ್ಳುತ್ತಿದ್ದಾರೆಂದು ನನಗೆ ಹೆಮ್ಮೆ; ಬೇಕಾದ ಮಾತ್ರೆ ಕೊಟ್ಟೇ ಇರುತ್ತಾರೆಂದು ನಂಬಿದ್ದೆ. ಏಳನೆಯ ವರ್ಷ ಜಠರದಲ್ಲಿ ಗಡ್ಡೆ ಕಂಡಿತು. ನಾಲ್ಕೇ ತಿಂಗಳಿಗೆ ಅಪ್ಪ ಹೋದ.

ನಮ್ಮ ಪ್ರಯೋಗಾಲಯದ ರೋಗಾಣು ತಳಿಗಳ ಮೇಲೆ ಅವು ಯಾರ ಹೊಟ್ಟೆಯವೆಂಬ ಹೆಸರಿಲ್ಲ, ಸಂಖ್ಯೆ ಮಾತ್ರ. ಅವುಗಳಲ್ಲಿ ನಲವತ್ತೇಳನೆಯ ತಳಿಯೇ ಬೇರೆ. ಹಳದಿ ಪರೀಕ್ಷಾ ದ್ರವಕ್ಕೆ ಬೇರೆ ತಳಿ ಹಾಕಿದರೆ ಗುಲಾಬಿ ಬಣ್ಣಕ್ಕೆ ಗಂಟೆ ಕಾಯಬೇಕು; ಇದನ್ನು ಹಾಕಿದರೆ ಐದು ನಿಮಿಷ. ಅಷ್ಟು ಕಿಣ್ವ ಅದರಲ್ಲಿ. ನಾವೆಲ್ಲ ಅದಕ್ಕೆ 'ಮುದುಕ' ಎಂದು ಹೆಸರಿಟ್ಟಿದ್ದೆವು. ಎರಡು ವರ್ಷ ಒದ್ದಾಡಿ ನಾನು ಅದರಿಂದ ಕಿಣ್ವದ ಜೀನನ್ನು ತೆಗೆದುಹಾಕಿದೆ. ಮೂಲ ತಳಿಯನ್ನು ಕುಡಿಸಿದ ಇಲಿಗಳ ಹೊಟ್ಟೆಗಳೆಲ್ಲ ಹುಣ್ಣಾದವು. ಕಿಣ್ವ ಕಳೆದುಕೊಂಡದ್ದು ಒಂದು ಇಲಿಯಲ್ಲೂ ನೆಲೆಯೂರಲಿಲ್ಲ. ಡಾಕ್ಟರಮ್ಮ ನನ್ನನ್ನು ಅಪ್ಪಿಕೊಂಡರು. ಪ್ರಬಂಧದಲ್ಲಿ ಅವರ ಹೆಸರಿನ ಪಕ್ಕದಲ್ಲೇ ನನ್ನ ಹೆಸರು, ಎಡಿಲ್ಮಾ ಗ್ವಾಂಚಾ. ಇದನ್ನು ನೋಡಲು ಅಪ್ಪ ಇರಬೇಕಿತ್ತು ಅನ್ನಿಸಿತು.

ಕಳೆದ ಆಗಸ್ಟಿನಲ್ಲಿ ಹಳೆಯ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಡಾಕ್ಟರಮ್ಮ ಬೀರುವಿನ ಕೀಲಿ ಕೊಟ್ಟರು. ಸಂಖ್ಯೆಗೂ ಹೆಸರಿಗೂ ಗಂಟು ಹಾಕುವ ಪುಸ್ತಕವೂ ಅದರಲ್ಲೇ ಸೇರಿಕೊಂಡಿದ್ದು ಅವರಿಗೆ ಮರೆತಿರಬೇಕು. ನಲವತ್ತೇಳು: ಸೆರಾಫಿನ್ ಗ್ವಾಂಚಾ. ಏಳು ವರ್ಷದ ಏಳು ತಾರೀಖು. ಪ್ರತಿಯೊಂದರ ಮುಂದೆಯೂ 'ರೋಗಾಣು ಇದೆ. ಔಷಧ ಇಲ್ಲ. ಗಮನಿಸುವುದು.'

ಪುಸ್ತಕ ಹಿಡಿದುಕೊಂಡೇ ಅವರ ಕೋಣೆಗೆ ಹೋದೆ.

"ಎರಡು ವಾರದ ಮಾತ್ರೆ ಡಾಕ್ಟರಮ್ಮಾ. ಇದೇ ಕಟ್ಟಡದಲ್ಲಿತ್ತು. ಯಾಕ್ ಕೊಡ್ಲಿಲ್ಲ?"

ಅವರು ಕನ್ನಡಕ ತೆಗೆದರು. "ಕೂತ್ಕೋ ಮಗಳೇ."

"ಕೂರಲ್ಲ."

"ಮಾತ್ರೆ ಕೊಟ್ಟಿದ್ರೆ ರೋಗಾಣು ಹೋಗ್ತಿತ್ತು. ಅದು ಒಬ್ಬ ಮನುಷ್ಯನೊಳಗೆ ವರ್ಷಾನುಗಟ್ಲೆ ಏನ್ ಮಾಡುತ್ತೆ ಅಂತ ನೋಡೋಕಾಗ್ತಿರ್ಲಿಲ್ಲ. ಕೊಟ್ಟಿದ್ರೂ ಗಡ್ಡೆ ಬರ್ತಿರ್ಲಿಲ್ಲ ಅಂತ ಯಾರ್ ಹೇಳ್ತಾರೆ?"

"ಅಪ್ಪನ್ನ ಕೇಳಿದ್ರಾ?"

"ಕೇಳಿದ್ದೆ. ಒಪ್ಪಿದ್ದ. ನಿಮ್ಮಮ್ಮನ್ನ ಕೇಳು."

ಅಂದೇ ಬಸ್ಸು ಹಿಡಿದು ಊರಿಗೆ ಹೋದೆ. ಅಮ್ಮ ಅಂಗಳದಲ್ಲಿ ಅಡುಗೆಗೆಂದು ಸಾಕಿದ ಗಿನಿ ಇಲಿಗಳಿಗೆ ಹುಲ್ಲು ಹಾಕುತ್ತಿದ್ದಳು. ನಾನು ಕೇಳಿದ್ದಕ್ಕೆ ಇನ್ನೊಂದು ಹಿಡಿ ಹುಲ್ಲು ಹಾಕುತ್ತಾ ಹೇಳಿದಳು.

"ಅರ್ಧ ಊರಿಗೇ ಇರೋ ಸಣ್ಣ ಹುಳ, ಏನಾಗಲ್ಲ ಅಂದ್ರು ಆಯಮ್ಮ. ಮಾತ್ರೆ ನುಂಗದೆ ವರ್ಷ ವರ್ಷ ಬಂದು ತೋರ್ಸಿ ಹೋದ್ರೆ ನಿಮ್ ಹುಡುಗೀನ ಕೆಲ್ಸಕ್ಕೆ ಸೇರಿಸ್ಕೋತೀನಿ ಅಂದ್ರು. ನಿಮ್ಮಪ್ಪ ರುಜು ಹಾಕ್ದ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೋಗ್ತಿದ್ಯಾ?"

ನಾನೇ ಗೆದ್ದ ಕೆಲಸವೆಂದು ಹನ್ನೆರಡು ವರ್ಷ ಊರೆಲ್ಲ ಹೇಳಿಕೊಂಡು ಓಡಾಡಿದ್ದೆ. ನನ್ನ ಬೆನ್ನ ಹಿಂದೆ ಮೂವರು ಕೂತು ಮಾತು ಮುಗಿಸಿದ್ದರು. ಅವರಲ್ಲಿ ಏನಾಗಬಹುದೆಂದು ತಿಳಿದಿದ್ದವರು ಒಬ್ಬರೇ. ಆದರೂ ಆ ಕ್ಷಣ ನನಗೆ ಹೆಚ್ಚು ಸಿಟ್ಟು ಬಂದದ್ದು ಅಪ್ಪನ ಮೇಲೆ. ಅಮ್ಮ ಕೊಟ್ಟ ಬೆಲ್ಲದ ನೀರನ್ನು ಮುಟ್ಟದೆ ಎದ್ದು ಬಂದೆ.

ಕೆಲಸ ಬಿಡುವ ದಿನ ಮುದುಕನನ್ನು ಕುದಿಸಿ ಚೆಲ್ಲಬೇಕೆಂದು ಶೈತ್ಯಪೆಟ್ಟಿಗೆ ತೆರೆದೆ. ಅದನ್ನಿಟ್ಟಿದ್ದ ಪುಟ್ಟ ಗಾಜಿನ ಕೊಳವೆ ಕೈಗೆ ಬಂತು. ಅದರ ಪ್ರತಿಗಳನ್ನು ನಾನೇ ಮೂರು ದೇಶಗಳಿಗೆ ಕಟ್ಟಿ ಕಳಿಸಿದ್ದು ನೆನಪಾಗಿ ಹಾಗೇ ಒಳಗಿಟ್ಟೆ. ಪುಸ್ತಕದಿಂದ 'ಔಷಧ ಇಲ್ಲ' ಎಂದಿದ್ದ ಹೆಸರುಗಳನ್ನು ಮಾತ್ರ ಬರೆದುಕೊಂಡೆ. ಬದುಕಿದ್ದವರು ಹನ್ನೊಂದು ಜನ.

ಮೊದಲು ಹೋದದ್ದು ಊರಿನಲ್ಲಿ ನಮ್ಮ ಪಕ್ಕದ ಮನೆಯ ರೊಸಾಲ್ಬಾ ಚಿಕ್ಕಮ್ಮನ ಹತ್ತಿರ. ನಾನು ಹೇಳಿದ್ದನ್ನೆಲ್ಲ ಬಾಗಿಲಲ್ಲಿ ನಿಂತೇ ಕೇಳಿದಳು.

"ನೀನೂ ಅಲ್ಲೇ ಇದ್ಯಲ್ಲೇ?"

"ನಂಗೆ ಗೊತ್ತಿರ್ಲಿಲ್ಲ ಚಿಕ್ಕಮ್ಮಾ."

"ನಿನ್ನಪ್ಪನ ಹೊಟ್ಟೇಲಿದ್ದಿದ್ದು ನಿಂಗೇ ಗೊತ್ತಿರ್ಲಿಲ್ವಾ? ಬಿಳಿ ಕೋಟು ಹಾಕ್ಕೊಂಡು ಬಂದು 'ಹೋಗಿ ಚಿಕ್ಕಮ್ಮಾ, ಒಳ್ಳೇ ಡಾಕ್ಟ್ರು' ಅಂದೋಳು ಯಾರು?"

ಅದೂ ನಿಜ. ನಾನೇ ಅವಳನ್ನು ಕಳಿಸಿದ್ದೆ.

ಆರೋಗ್ಯ ಕೇಂದ್ರದಲ್ಲಿ ನಾನು ಬರೆಸಿ ತಂದಿದ್ದ ಮಾತ್ರೆಯ ಚೀಟಿಯನ್ನು ಕಿತ್ತುಕೊಂಡು ಬಾಗಿಲು ಹಾಕಿದಳು. ಹನ್ನೊಂದರಲ್ಲಿ ಒಂಬತ್ತು ಜನ ಔಷಧ ತೆಗೆದುಕೊಂಡರು, ರೊಸಾಲ್ಬಾ ಕೂಡ. ಒಬ್ಬ ನಗಾಡಿ ಕಳಿಸಿದ. ಇನ್ನೊಬ್ಬನಿಗೆ ಆಗಲೇ ಗಡ್ಡೆಯಾಗಿತ್ತು. ಡಾಕ್ಟರಮ್ಮನ ಮೇಲೆ ನಾನು ಕೊಟ್ಟ ದೂರಿನ ವಿಚಾರಣೆ ನಡೆಯಿತು. ಅವರು ಅಪ್ಪನ ರುಜುವಿದ್ದ ಒಪ್ಪಿಗೆ ಪತ್ರವನ್ನು ಮೇಜಿನ ಮೇಲಿಟ್ಟರು. ವಿಚಾರಣೆ ಮುಗಿಯಿತು.

ಈಗ ನಾನು ಊರಿನ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಗೆ ರಕ್ತ ತೆಗೆಯುತ್ತೇನೆ. ಅಮ್ಮನೂ ನಾನೂ ಒಂದೇ ಮನೆಯಲ್ಲಿದ್ದೇವೆ. ರೊಸಾಲ್ಬಾ ಚಿಕ್ಕಮ್ಮ ರಕ್ತ ಪರೀಕ್ಷೆಗೆ ಬಂದರೆ ನನ್ನ ಸಾಲು ಬಿಟ್ಟು ನರ್ಸಿನ ಸಾಲಿನಲ್ಲಿ ನಿಲ್ಲುತ್ತಾಳೆ.