ಒಂಬತ್ತು ಪಾದ

"ನಾ ಮಾತಾಡಲ್ಲ ಅಂದ್ಮೇಲೆ ಮಾತಾಡಲ್ಲ. ಫೋನ ಆ ಕಡೀಕೆ ತಕಂಡೋಗು," ಎಂದು ರುದ್ರಸ್ವಾಮಿ ಗೋಡೆಗೆ ಮುಖ ಮಾಡಿ ಕೂತ.

ಮಗಳು ದೀಪಶ್ರೀ ಸ್ಪೀಕರ್ ಹಾಕಿ ಫೋನನ್ನು ಜಗಲಿಯ ಮೇಲಿಟ್ಟಳು. ಆ ಕಡೆ ಮಾಲಿನಿ ಮೇಡಂ. ಇರಾಕಿನೊಳಗಿದ್ದೂ ತನ್ನದೇ ಸರ್ಕಾರ ನಡೆಸುವ ಕುರ್ದಿಸ್ತಾನದಲ್ಲಿ, ಎರ್ಬಿಲ್ ಎಂಬ ಊರಿನ ನಮ್ಮ ದೇಶದ ಕಾನ್ಸುಲೇಟಿನವರು. ಮದುರೈ ಕಡೆಯವರಾದರೂ ಮೈಸೂರಿನಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು. ಅಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದ ರುದ್ರಸ್ವಾಮಿಯ ಮಗ ಬಸವಕುಮಾರ್ ಎದೆನೋವು ಬಂದು ತೀರಿಕೊಂಡು ಆರು ದಿನವಾಗಿತ್ತು. ಯುದ್ಧದ ಗಲಾಟೆಗೆ ವಿಮಾನಗಳು ನಿಂತಿದ್ದವು. ಅಲ್ಲೇ ಮಣ್ಣು ಮಾಡಬೇಕು. ಅಲ್ಲಿನ ಸರ್ಕಾರಕ್ಕೆ ತಂದೆಯ ಒಪ್ಪಿಗೆ ಪತ್ರ ಇವತ್ತೇ ಹೋಗಬೇಕು, ನಾಳೆಯಿಂದ ಎರಡು ದಿನ ಕಚೇರಿಗಳಿಗೆ ರಜ. ಕೊಳ್ಳೇಗಾಲದಲ್ಲಿ ಪ್ರಿಂಟ್ ಹಾಕಿಸಿ ತಂದ ಪತ್ರ ಬೆಳಗಿನಿಂದ ಧನಗೆರೆಯ ಆ ಜಗಲಿಯಲ್ಲಿ ಬಿದ್ದಿದೆ, ಯಜಮಾನ ಪೆನ್ನು ಮುಟ್ಟಬೇಕಲ್ಲ!

ಸಿಟ್ಟು ನಾಲ್ಕು ವರ್ಷದ್ದು. ರಿಸೆಪ್ಷನ್ ಕೆಲಸ ಅಂತ ಹೇಳಿ ಹೋದ ಹುಡುಗ ಅಡುಗೆಮನೆಯಲ್ಲಿ ಕುರಿಮಾಂಸ ಬೇಯಿಸುತ್ತಿದ್ದಾನೆಂದು ಗೊತ್ತಾದ ದಿನ, "ಲಿಂಗ ಕಟ್ದೋನು ಮಾಡೋ ಕೆಲ್ಸವೇನ್ಲಾ ಇದು? ಲಿಂಗವ ಕಿತ್ತಾಕ್ಬುಟ್ಟು ಕುಂತಿದ್ದೀಯ. ನೀ ನನ್ ಪಾಲ್ಗೆ ಇಲ್ಲ ಕಣ್ಲಾ," ಎಂದು ಫೋನಿನಲ್ಲೇ ಊರಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದ. ಹುಡುಗ ಎದುರಾಡಲಿಲ್ಲ. ಆಮೇಲೆ ಮಾತೆಲ್ಲ ತಾಯಿ ಪುಟ್ಟಮಲ್ಲಮ್ಮನ ಜೊತೆ, ಅದೂ ಕದ್ದುಮುಚ್ಚಿ.

"ಸಹಿ ಆಮೇಲಾಗಲಿ ಸರ್," ಎಂದರು ಮಾಲಿನಿ. "ಅವರ ರೂಮಲ್ಲಿ ಒಂದು ಬೆಳ್ಳಿ ಡಬ್ಬಿ ಸಿಕ್ಕಿದೆ. ಮೊಟ್ಟೆಯಷ್ಟಿದೆ, ದಾರ ಕಟ್ಟಿದೆ. ದಿಂಬಿನ ಕೆಳಗೆ ವಿಭೂತಿ ಗಟ್ಟಿ ಜೊತೆ ಇತ್ತು. ಕೆಲಸಕ್ಕೆ ಹೋಗುವಾಗ ಬಿಚ್ಚಿಟ್ಟು, ಬಂದು ಸ್ನಾನ ಮಾಡಿ ಮತ್ತೆ ಕೊರಳಿಗೆ ಹಾಕಿಕೊಳ್ತಿದ್ರಂತೆ. ಏನಿದು ಅಂತ ಪೊಲೀಸರಿಗೆ ಅನುಮಾನ. ಒಡೆದು ನೋಡ್ತೀವಿ ಅಂತಿದ್ದಾರೆ."

ರುದ್ರಸ್ವಾಮಿಯ ಕೈ ತನ್ನ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಅಯ್ಯೋ ಶಿವನೇ, ನಾನೆಂಥ ಮಾತಾಡಿಬಿಟ್ಟೆ! ಅವನು ದಡಬಡ ಎದ್ದು ಬಂದು ಫೋನಿನ ಮೇಲೆ ಬಾಗಿದ.

"ಒಡೀಬ್ಯಾಡಿ ಅನ್ನಿ ತಾಯಿ! ಅದ್ರೊಳಗಿರದು ನನ್ ಮಗನ ಲಿಂಗ. ಮಣ್ಣು ಮಾಡುವಾಗ ಈಚೆಗೆ ತಗ್ದು ಅವನ ಎಡಗೈಲಿ ಮಡಗ್ಬೇಕು. ಮಲಗಿಸ್ಬ್ಯಾಡಿ, ನಮ್ಮಲ್ಲಿ ಕೂರ್ಸೇ ಮಣ್ಣು ಮಾಡದು."

"ಕೂರಿಸೋಕೆ ಆಗುತ್ತೋ ಇಲ್ವೋ, ನಾನೇ ನಿಂತು ಕೇಳ್ತೀನಿ," ಎಂದರು ಮಾಲಿನಿ. "ಗುಂಡಿ ಮೊದಲೇ ತೋಡಿಸಬೇಕು. ಅಳತೆ ಹೇಳಿ."

"ಒಂಬತ್ತು ಪಾದ. ಸತ್ತೋನ ಪಾದದಲ್ಲೇ ಅಳೀಬೇಕು."

"ಆಸ್ಪತ್ರೆಯವರು ಹೂಳೋ ಹೊತ್ತಿಗೇ ಅವರನ್ನ ಹೊರಗೆ ಕೊಡೋದು ಸರ್. ಈಗ ಅಳೆಯೋಕೆ ಆಗಲ್ಲ."

ರುದ್ರಸ್ವಾಮಿ ಹೆಂಡತಿಯ ಮುಖ ನೋಡಿದ. ಬೆಳಗಿನಿಂದ ಬಾಗಿಲಿಗೊರಗಿ ಕೂತಿದ್ದ ಪುಟ್ಟಮಲ್ಲಮ್ಮ ಆಗ ಬಾಯಿ ಬಿಟ್ಟಳು.

"ಅವನ ಪಾದ ನಿಮ್ದೇ ಅಳ್ತೆ ಕಣ್ರಿ. ನಿಮ್ ಮೆಟ್ಟ ಮೆಟ್ಕಂಡೋಗಿ ಎಷ್ಟು ಬೈಸ್ಕತಿದ್ದ."

ರುದ್ರಸ್ವಾಮಿ ಪತ್ರಕ್ಕೆ ಸಹಿ ಹಾಕಿದ. ಪಾದದ ಉದ್ದ ಅಳೆದು ಮೇಡಂಗೆ ಹೇಳಲು ದೀಪಶ್ರೀ ಒಂದು ಬಿಳಿ ಹಾಳೆ ತಂದು ನೆಲದ ಮೇಲೆ ಹಾಸಿದಳು. ಕಾಗದಕ್ಕೆ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ಅವನು. ಬಲಗಾಲನ್ನು ಹಾಳೆಯ ಮೇಲಿಟ್ಟ. ಅವಳು ಕುಕ್ಕರಗಾಲಿನಲ್ಲಿ ಕೂತು ಹಿಮ್ಮಡಿಯಿಂದ ಗೆರೆ ಎಳೆಯತೊಡಗಿದಳು.

"ಅಲ್ಲಾಡಿಸ್ಬ್ಯಾಡ ಅಪ್ಪಾ."

"ಇಲ್ಲ ಕಣವ್ವ," ಎಂದ.

ಹೆಬ್ಬೆರಳ ಹತ್ತಿರ ಗೆರೆ ಸೊಟ್ಟಗಾಯಿತು. ಅವಳು ಇನ್ನೊಂದು ಹಾಳೆ ಹಾಸಿ, ಅಪ್ಪನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಅದರ ಮೇಲಿಟ್ಟಳು.